ಅಂಟಿನ ಮುದ್ದೆಯೊಳಗಿನ ಇಂಪಾಲಾ

ಮಿಷಿಗನ್, ಒಹಾಯೊ ಕಡೆಯ ಹಳೆ ಸಾಮಾನಿನ ಸಂತೆಗಳಲ್ಲಿ ರಟ್ಟಿನ ಪೆಟ್ಟಿಗೆಗಳ ತಳ ಕೆದಕಿದರೆ ಬಿಡಿಭಾಗ ಜೋಡಿಸಿ ಮಾಡಿದ ಗೇಣುದ್ದದ ಪ್ಲಾಸ್ಟಿಕ್ ಕಾರೊಂದು, ಇಂಪಾಲಾ ಎನ್ನೋಣ, ಸಿಗುವ ಸಂಭವ ಹೆಚ್ಚು. ಮೈಮೇಲೆ ಬ್ರಷ್ಷಿನಲ್ಲಿ ಬಳಿದ ಕೆಂಪು ಎನಾಮಲ್, ಅದೂ ಬ್ರಷ್ಷಿನ ಕೂದಲ ಸಮೇತ. ಮುಂದಿನ ಗಾಜಿನ ಮೇಲೆ ಅರವತ್ತು ವರ್ಷದ ಹಿಂದಿನ ಯಾವನೋ ಹುಡುಗನ ಹೆಬ್ಬೆಟ್ಟಿನ ಗುರುತು. ಬಂಪರಿನ ಸಂದಿಯಿಂದ ಸೋರಿ ಗಟ್ಟಿಯಾದ ಅಂಟು. ನಾಲ್ಕು ಚಕ್ರಗಳಲ್ಲಿ ಒಂದು ನಾಪತ್ತೆ. ಅಮೆರಿಕದ ಹವ್ಯಾಸಿಗಳು ಇದಕ್ಕಿಟ್ಟ ಹೆಸರು ‘ಗ್ಲೂ ಬಾಂಬ್’. ಇಂಥ ಕಾರುಗಳನ್ನು ಕೂಡಿಡುವ ಹುಚ್ಚಿಗೆ ಹೊಸದಾಗಿ ಬಿದ್ದವರು ಅದನ್ನು ಬದಿಗೆ ಸರಿಸಿ, ಮೇಲಿನ ಸೆಲೊಫೇನ್ ಹಾಳೆ ಹರಿಯದ ಡಬ್ಬಿಗಾಗಿ ಹುಡುಕುತ್ತಾರೆ. ನನ್ನನ್ನು ಕೇಳಿದರೆ ಆ ಅಂಟಿನ ಮುದ್ದೆಯೇ ಲೇಸು. ಬಿಚ್ಚದ ಡಬ್ಬಿಯ ಬೆಲೆಯೆಲ್ಲ ಅದು ಬಿಚ್ಚದೆ ಇರುವುದರಲ್ಲೇ ಇದೆ, ಕತ್ತರಿ ಆಡಿಸಿದ ಕ್ಷಣ ಬೆಲೆ ಇಳಿಯಿತು. ಮೇಲಾಗಿ ಹಾಳೆಯನ್ನು ಮತ್ತೆ ಬಿಗಿಯಾಗಿ ಸುತ್ತಿಕೊಡುವ ಯಂತ್ರಗಳಿವೆ. ಸೀಲು ಇದ್ದ ಮಾತ್ರಕ್ಕೆ ಒಳಗಿನ ಭಾಗಗಳೆಲ್ಲ ಇವೆ ಎಂದು ನಂಬುವ ಹಾಗಿಲ್ಲ. ಮುದ್ದೆಯಲ್ಲಾದರೆ ಏನಿದೆ, ಏನಿಲ್ಲ ಎಂಬುದು ಕಣ್ಣೆದುರಿಗೇ ಇರುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಕೆಂಪು ಬಣ್ಣ, ಅಂಟು, ಕೊಳೆಯ ಅಡಿಯಲ್ಲಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಬಹುಮಟ್ಟಿಗೆ ಅಚ್ಚಿನಿಂದ ಹೊರಬಂದ ದಿನದ ಹಾಗೇ ಇರುತ್ತದೆ. ಕೆಟ್ಟಿರುವುದು ಅದರ ಸುತ್ತಲಿನ ಸರಂಜಾಮು: ಬಣ್ಣ, ಕ್ರೋಮ್ ಲೇಪ, ಟೈರು, ಸ್ಟಿಕ್ಕರು. ಯಾವ ದ್ರವ ಯಾವುದನ್ನು ಕರಗಿಸುತ್ತದೆ, ಯಾವುದನ್ನು ಮುಟ್ಟದೆ ಬಿಡುತ್ತದೆ ಎಂಬುದು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ತಿಳಿದ ಹಾಗೆ. ಕೈಚಳಕದ ಸರದಿ ಆಮೇಲಿನದು.

ಈ ಕಾರುಗಳ ತವರು ಡೆಟ್ರಾಯಿಟ್. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಕಂಪನಿಗಳು ವರ್ಷ ವರ್ಷವೂ ಕಾರುಗಳ ರೂಪ ಬದಲಿಸಿ ಮಾರುಕಟ್ಟೆಗೆ ಬಿಡುತ್ತಿದ್ದವು. ಹೊಸ ಕಾರಿನ ಪುಟ್ಟ ಪ್ರತಿಯನ್ನು, ನಿಜವಾದ ಕಾರಿಗೆ ಹಚ್ಚುವ ಬಣ್ಣಗಳಲ್ಲೇ ಮಾಡಿಸಿ ಡೀಲರುಗಳಿಗೆ ಕಳಿಸುವುದು ವಾಡಿಕೆಯಾಗಿತ್ತು. ಗಿರಾಕಿಗೆ ಬಣ್ಣ ತೋರಿಸಲು ಒಂದು, ಜೊತೆಗೆ ಬಂದ ಮಗುವಿನ ಕೈಗೆ ಕೊಡಲು ಒಂದು. ‘ಪ್ರೊಮೊ’ ಎಂದು ಕರೆಸಿಕೊಂಡ ಈ ಕಾರುಗಳ ವ್ಯವಹಾರಕ್ಕೆ 1948ರಲ್ಲಿ ಇಳಿದದ್ದು ವೆಸ್ಟ್ ಗ್ಯಾಲಗ್ಲಿ ಎಂಬ ವಕೀಲನ ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್ ಕಂಪನಿ. ಅಲ್ಯೂಮಿನಿಯಂ ಬೇಗನೆ ಹೋಗಿ ಪ್ಲಾಸ್ಟಿಕ್ ಬಂತು, ಎಎಂಟಿ ಎಂಬ ಮೂರಕ್ಷರ ಉಳಿಯಿತು. 1958ರಲ್ಲಿ ಎಎಂಟಿಯವರು ಪ್ರೊಮೊದ ಅಚ್ಚುಗಳಿಂದಲೇ ಬಿಡಿಭಾಗ ತೆಗೆದು, ನೀವೇ ಜೋಡಿಸಿಕೊಳ್ಳಿ ಎಂದು ಡಬ್ಬಿಯಲ್ಲಿ ತುಂಬಿ ಮಾರಿದರು. ‘ತ್ರೀ ಇನ್ ಒನ್’ ಎಂಬುದು ಅದರ ಆಕರ್ಷಣೆ. ಒಂದೇ ಡಬ್ಬಿಯ ಭಾಗಗಳಿಂದ ಷೋರೂಮಿನ ಕಾರು ಮಾಡಬಹುದು, ರೆಕ್ಕೆಪುಕ್ಕ ಹಚ್ಚಿದ ಕಸ್ಟಮ್ ಕಾರು ಮಾಡಬಹುದು, ಇಲ್ಲವೇ ರೇಸಿನ ಕಾರು. ಆ ಮೊದಲ ಕಿಟ್‌ಗಳಲ್ಲಿ ಎಂಜಿನ್ ಇರಲಿಲ್ಲ, ಬಾನೆಟ್ಟು ತೆರೆಯುತ್ತಲೂ ಇರಲಿಲ್ಲ. ಹುಡುಗರಿಗೆ ಅದೇನೂ ಕೊರತೆ ಅನ್ನಿಸಲಿಲ್ಲ. ಡೆಟ್ರಾಯಿಟ್‌ನಲ್ಲೇ ಜೋ-ಹ್ಯಾನ್, ಅರವತ್ತರ ದಶಕದಲ್ಲಿ ಎಂಪಿಸಿ, ಕ್ಯಾಲಿಫೋರ್ನಿಯಾದಲ್ಲಿ ರೆವೆಲ್, ಷಿಕಾಗೊ ಕಡೆ ಮೊನೊಗ್ರಾಮ್ ಪೈಪೋಟಿಗೆ ನಿಂತವು. ರೆವೆಲ್‌ನವರು ಕಸ್ಟಮ್ ಕಾರುಗಳ ವಿಚಿತ್ರ ಪ್ರತಿಭೆ ಎಡ್ ರಾತ್‌ನ ‘ಔಟ್‌ಲಾ’, ‘ಬೀಟ್ನಿಕ್ ಬ್ಯಾಂಡಿಟ್’ ಕಾರುಗಳನ್ನು ಕಿಟ್ ಮಾಡಿ ಮಾರಿದರು.

ಕೊಳ್ಳುವವರಿಗೆ ಗೊತ್ತಿರಬೇಕಾದ ಒಂದು ಸಂಗತಿ ಇಲ್ಲೇ ಇದೆ. ಉಕ್ಕಿನ ಅಚ್ಚು ಕಡೆಯುವುದು ಬಹಳ ದುಬಾರಿ. ಹಾಗಾಗಿ ಕಂಪನಿಗಳು ಕಳೆದ ವರ್ಷದ ಅಚ್ಚನ್ನೇ ತಿದ್ದಿ ಈ ವರ್ಷದ ಕಾರಿಗೆ ಹೊಂದಿಸುತ್ತಿದ್ದವು. ಗ್ರಿಲ್ ಬದಲು, ಹಿಂದಿನ ದೀಪ ಬದಲು, ಪಕ್ಕದ ಪಟ್ಟಿ ಬದಲು. ಒಮ್ಮೆ ತಿದ್ದಿದರೆ ಹಳೆಯ ವರ್ಷದ ಬಾಡಿ ಮತ್ತೆ ಅದರಿಂದ ಹೊರಬರುವಂತಿಲ್ಲ. ‘ಆ್ಯನುಯಲ್’ ಎನ್ನುವ ಈ ವಾರ್ಷಿಕ ಕಿಟ್‌ಗಳಿಗೆ ಇವತ್ತು ಇಷ್ಟು ಬೆಲೆ ಬಂದದ್ದು ಅದರಿಂದ. ಆದರೆ ಎಷ್ಟೋ ಕಿಟ್‌ಗಳ ಛಾಸಿಸ್, ಎಂಜಿನ್, ಸೀಟುಗಳ ಅಚ್ಚು ವರ್ಷಗಟ್ಟಲೆ ಬದಲಾಗದೆ ದುಡಿಯಿತು. ಎಎಂಟಿ ಮುಂದೆ ಅರ್ಟಲ್ ಕಂಪನಿಯ ಪಾಲಾಯಿತು, ಈಗ ಎಎಂಟಿ, ಎಂಪಿಸಿ ಎರಡೂ ಹೆಸರು ರೌಂಡ್ ಟೂ ಎಂಬ ಕಂಪನಿಯ ಕೈಯಲ್ಲಿವೆ. ಅವರು ಉಳಿದ ಅಚ್ಚುಗಳಿಂದ ಮತ್ತೆ ಕಿಟ್ ತೆಗೆಯುತ್ತಿರುತ್ತಾರೆ. ಹಳೆಯ ಕಾರಿನ ಆಕ್ಸಲ್ ಮುರಿದಿದೆ, ಏರ್ ಕ್ಲೀನರ್ ಕಳೆದಿದೆ ಎಂದಾದರೆ ಅದೇ ಅಚ್ಚಿನ ಮರುಮುದ್ರಣ ಕಿಟ್ ಒಂದನ್ನು ಅಗ್ಗಕ್ಕೆ ತಂದು ಅದರಿಂದ ಭಾಗ ಕೀಳುವುದು ಎಲ್ಲಕ್ಕಿಂತ ಸುಲಭದ ದಾರಿ. ತಂದೆ ಮಗ ಒಂದೇ ಅಚ್ಚಿನವರಾದ್ದರಿಂದ ತೂತಿಗೆ ತೂತು ಕೂರುತ್ತದೆ.

ಮುದ್ದೆ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದ್ದು ಅದು ಯಾವ ಪ್ಲಾಸ್ಟಿಕ್ ಎಂದು. ಐವತ್ತರ ದಶಕದ ಪ್ರೊಮೊಗಳಲ್ಲಿ ಹೆಚ್ಚಿನವು ಸೆಲ್ಯುಲೋಸ್ ಅಸಿಟೇಟ್. ಅದರೊಳಗಿನ ಮೆದುಕಾರಕ ವರ್ಷಗಳಲ್ಲಿ ಆವಿಯಾಗಿ ಹೋಗಿ ಬಾಡಿ ಸೊಟ್ಟಗಾಗುತ್ತದೆ, ನಡು ಏಳುತ್ತದೆ, ಕೆಲವೊಮ್ಮೆ ಮೂಗಿಗೆ ವಿನಿಗರ್ ವಾಸನೆ ಬಡಿಯುತ್ತದೆ. ಅಂಥದ್ದನ್ನು ಸರಿಪಡಿಸಲು ಹೊರಡಬೇಡಿ, ಇದ್ದ ಹಾಗೇ ಷೆಲ್ಫಿನಲ್ಲಿಡಿ. ಅರವತ್ತರ ದಶಕದ ಆರಂಭದಿಂದ ಪಾಲಿಸ್ಟೈರೀನ್ ಬಂತು, ನಮ್ಮ ಕೆಲಸವೆಲ್ಲ ಅದರ ಮೇಲೆ. ಬಿಸಿಲಲ್ಲೋ ಅಟ್ಟದಲ್ಲೋ ಇದ್ದು ಪಾಲಿಸ್ಟೈರೀನ್ ಬಾಡಿ ಸ್ವಲ್ಪ ಬಾಗಿದ್ದರೆ ಬಿಸಿನೀರಿನಲ್ಲಿ ಸರಿಹೋಗುತ್ತದೆ. ಆ ಪ್ಲಾಸ್ಟಿಕ್ ಪೂರ್ತಿ ಮೆದುವಾಗುವುದು 100 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಆದ್ದರಿಂದ ಕುದಿನೀರು ಬೇಡ, ಗಾಜಿನ ಪಕ್ಕದ ಸಣ್ಣ ಕಂಬಗಳು ಕುಸಿದುಹೋಗುತ್ತವೆ. 70-80 ಡಿಗ್ರಿಯ ನೀರಲ್ಲಿ ಅದ್ದಿ, ಬೆರಳಲ್ಲಿ ಮೆಲ್ಲಗೆ ತಿದ್ದಿ, ಹಿಡಿದ ಹಾಗೇ ತಣ್ಣೀರಿಗೆ ಹಾಕಿ.

ಈಗ ಬಿಡಿಸುವುದು. ಮಾಡೆಲ್ ಅಂಟಿನ ಕೆಲಸದ ರೀತಿ ಮರದ ಅಂಟಿನ ರೀತಿಯಲ್ಲ. ಟ್ಯೂಬಿನಲ್ಲಿ ಬರುತ್ತಿದ್ದ ಆ ಕಾಲದ ಅಂಟು ಟಾಲ್ವೀನ್‌ನಂಥ ದ್ರಾವಕದಲ್ಲಿ ಕರಗಿಸಿದ ಪಾಲಿಸ್ಟೈರೀನ್. ಅದು ಎರಡೂ ಅಂಚುಗಳನ್ನು ಕರಗಿಸುತ್ತದೆ, ಕರಗಿದ ಪ್ಲಾಸ್ಟಿಕ್ ಒಂದರೊಳಗೊಂದು ಬೆರೆಯುತ್ತದೆ, ದ್ರಾವಕ ಹಾರಿಹೋದ ಮೇಲೆ ಅಲ್ಲಿ ಬೆಸುಗೆ ಉಳಿಯುತ್ತದೆ. ಸರಿಯಾಗಿ ಆದ ಬೆಸುಗೆಯನ್ನು ಯಾವ ರಾಸಾಯನಿಕದಿಂದಲೂ ಬಿಡಿಸಲಾಗದು, ಏಕೆಂದರೆ ಅಲ್ಲಿ ಅಂಟು ಎಂಬ ಬೇರೆ ವಸ್ತುವೇ ಇಲ್ಲ. ಹತ್ತು ವರ್ಷದ ಹುಡುಗರು ಮಾತ್ರ ಹಾಗೆ ಅಂಟಿಸುವುದಿಲ್ಲ. ಅಂಚು ಸೇರಿದೆಯೋ ಇಲ್ಲವೋ ನೋಡದೆ ಸಂದಿಗೆ ಟ್ಯೂಬು ಹಿಂಡುತ್ತಾರೆ. ಹಾಗೆ ಹಿಂಡಿ ಒಣಗಿದ ಗುಡ್ಡೆ ಮೂಲ ಪ್ಲಾಸ್ಟಿಕ್‌ಗಿಂತ ಪೆಡಸು. ಆ ಹುಡುಗರ ಆತುರವೇ ಇವತ್ತು ನಮಗೆ ಅನುಕೂಲ. ಕಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಮನೆಯ ಫ್ರೀಜರಿನಲ್ಲಿಟ್ಟು, ತೆಗೆದ ಕೂಡಲೇ ಭಾಗವನ್ನು ಹಿಡಿದು ಸ್ವಲ್ಪ ತಿರುಚಿದರೆ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಬಲ ಹಾಕಬೇಡಿ, ಮತ್ತೆ ಫ್ರೀಜರಿಗೆ ಹಾಕಿ. ಆಗಲೂ ಬಿಡದ ಕಡೆ ಸಣ್ಣ ಗರಗಸದ ಅಲಗು, ಅದೂ ನುಗ್ಗದ ಸಂದಿಯಲ್ಲಿ ಗಟ್ಟಿ ದಾರ ಹಿಂದೆ ಮುಂದೆ ಎಳೆಯುವುದು. ಬಂಪರು, ಗ್ರಿಲ್ಲು, ಗಾಜು, ಈ ಮೂರನ್ನು ಮುರಿಯದೆ ತೆಗೆದರೆ ಉಳಿದದ್ದು ಮುರಿದರೂ ಅಡ್ಡಿಯಿಲ್ಲ.

ಆ ಅಂಟಿನ ಬಗ್ಗೆ ಇನ್ನೊಂದು ಮಾತು. ಟಾಲ್ವೀನ್‌ನ ನಶೆಗಾಗಿ ಮಕ್ಕಳು ಅಂಟು ಮೂಸುವುದು ಅರವತ್ತರ ದಶಕದ ಅಮೆರಿಕದಲ್ಲಿ ದೊಡ್ಡ ರಂಪವಾಯಿತು. ದಶಕದ ಕೊನೆಗೆ ಟೆಸ್ಟರ್ಸ್ ಕಂಪನಿ ತನ್ನ ಅಂಟಿಗೆ ಸಾಸಿವೆ ಎಣ್ಣೆಯ ಘಾಟಿನ ಅಂಶ ಬೆರೆಸಿತು. ಮೂಸಿದವನ ಮೂಗು ಉರಿಯಲಿ ಎಂದು.

ಬಣ್ಣ ಕೀಳುವಲ್ಲಿ ಪಾಲಿಸ್ಟೈರೀನ್‌ನ ಸ್ವಭಾವ ಮುಖ್ಯವಾಗುತ್ತದೆ. ಅಸಿಟೋನ್, ಟಾಲ್ವೀನ್, ಆಟೊ ಪೇಂಟಿನವರ ಎನ್‌ಸಿ ಥಿನ್ನರ್ ಇವೆಲ್ಲ ಬಣ್ಣದ ಜೊತೆಗೆ ಕಾರನ್ನೂ ಕರಗಿಸುತ್ತವೆ. ಆಲ್ಕೊಹಾಲ್, ಕ್ಷಾರ, ಗ್ಲೈಕಾಲ್ ಜಾತಿಯ ದ್ರವಗಳಿಗೆ ಅದು ಜಗ್ಗುವುದಿಲ್ಲ. ಆಯ್ಕೆಯೆಲ್ಲ ಈ ಎರಡನೇ ಗುಂಪಿನೊಳಗೇ. ಆ್ಯಕ್ರಿಲಿಕ್ ಬಣ್ಣಕ್ಕೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು, ಬೆಂಗಳೂರಿನಲ್ಲಾದರೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕೀಟು ತೊಳೆಯಲೆಂದು ಮಾರುತ್ತಾರೆ. ಅರವತ್ತು ವರ್ಷದ ಎನಾಮಲ್‌ಗೆ ಅದು ಸಾಲದು. ಅದಕ್ಕೆ ಬ್ರೇಕ್ ಆಯಿಲ್. ಜೆಸಿ ರೋಡಿನ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಸಿಗುವ ಡಾಟ್ 3 ಅಥವಾ ಡಾಟ್ 4, ಗ್ಲೈಕಾಲ್ ಈಥರ್‌ನಿಂದ ಮಾಡಿದ್ದು. ಡಾಟ್ 5 ಎಂದು ಬರೆದಿದ್ದರೆ ಅದು ಸಿಲಿಕೋನ್, ಬಣ್ಣಕ್ಕೆ ಏನೂ ಮಾಡದು. ಮುಚ್ಚಳವಿರುವ ಡಬ್ಬಿಯಲ್ಲಿ ಬಾಡಿ ಮುಳುಗುವಷ್ಟು ಹಾಕಿ ಬಿಟ್ಟರೆ ಬಣ್ಣ ಸುಕ್ಕುಗಟ್ಟಿ ಹಾಳೆಯಾಗಿ ಏಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸೋಪುನೀರಿನಲ್ಲಿ ತೊಳೆದು, ಇನ್ನೂ ಉಳಿದಿದ್ದರೆ ಮತ್ತೆ ಮುಳುಗಿಸಿ. ವಾರಗಟ್ಟಲೆ ಮರೆತು ಬಿಡಬೇಡಿ, ಕೆಲವು ಪ್ಲಾಸ್ಟಿಕ್ ಪೆಡಸಾಗುತ್ತವೆ. ಕೈಗೆ ರಬ್ಬರ್ ಗವಸು ಇರಲಿ, ಬಳಸಿದ ದ್ರವವನ್ನು ಸಿಂಕಿಗೆ ಸುರಿಯಬೇಡಿ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಅಡುಗೆಯ ಓವನ್ ತೊಳೆಯುವ ಸ್ಪ್ರೇ ಬಳಸುತ್ತಾರೆ. ಅದರ ಜೀವಾಳ ಕಾಸ್ಟಿಕ್ ಸೋಡಾ, ಕಣ್ಣಿಗೆ ಕನ್ನಡಕವಿಲ್ಲದೆ ಅದರ ಹತ್ತಿರ ಹೋಗಬಾರದು.

ಆ ಹುಡುಗ ಎನಾಮಲ್ ಬಿಟ್ಟು ಯಾವುದೋ ಲ್ಯಾಕರ್ ಸ್ಪ್ರೇ ಹೊಡೆದಿದ್ದರೆ ಬಣ್ಣ ಪ್ಲಾಸ್ಟಿಕ್‌ನ ಒಳಕ್ಕೇ ಕಚ್ಚಿರುತ್ತದೆ. ಅದನ್ನು ಪೂರ್ತಿ ತೆಗೆಯುವ ಹಟ ಬೇಡ. ಮೇಲ್ಮೈ ನಯವಾದರೆ ಸಾಕು, ಪ್ರೈಮರ್ ಮುಚ್ಚಿಕೊಳ್ಳುತ್ತದೆ.

ಕ್ರೋಮ್ ಭಾಗಗಳನ್ನು ಬಣ್ಣ ಕೀಳುವ ಡಬ್ಬಿಗೆ ಸೇರಿಸಬೇಡಿ. ಕಿಟ್‌ನ ಕ್ರೋಮ್‌ನಲ್ಲಿ ನಿಜವಾಗಿ ಕ್ರೋಮಿಯಂ ಇಲ್ಲ. ಪ್ಲಾಸ್ಟಿಕ್ ಮೇಲೊಂದು ವಾರ್ನಿಷ್, ಅದರ ಮೇಲೆ ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿದ ಅಲ್ಯೂಮಿನಿಯಂನ ಅತಿ ತೆಳು ಪದರ, ಅದರ ಮೇಲೆ ಇನ್ನೊಂದು ಪಾರದರ್ಶಕ ವಾರ್ನಿಷ್. ಕ್ಷಾರ ಅಲ್ಯೂಮಿನಿಯಂ ತಿನ್ನುವುದರಿಂದ ಓವನ್ ಸ್ಪ್ರೇ ತಗುಲಿದರೆ ಹೊಳಪು ಹೋಯಿತೆಂದೇ ಲೆಕ್ಕ. ಮೇಲಿನ ಕ್ರೋಮ್ ಚೆನ್ನಾಗಿದ್ದರೆ ಮುಟ್ಟದೆ ಬಿಡುವುದು ಜಾಣತನ, ಏಕೆಂದರೆ ಮನೆಯಲ್ಲಿ ಅದಕ್ಕೆ ಸಮನಾದದ್ದನ್ನು ಮಾಡುವುದು ಕಷ್ಟ. ಸವೆದು ಬಿಳಿ ಕಾಣುತ್ತಿದ್ದರೆ ಮಾತ್ರ ತೆಗೆಯಬೇಕು. ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿಟ್ಟರೆ ನೋಡನೋಡುತ್ತ ಬೆಳ್ಳಿ ಮಾಯವಾಗಿ, ಹಳದಿ ಛಾಯೆಯ ಅಡಿ ವಾರ್ನಿಷ್ ಉಳಿಯುತ್ತದೆ. ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಗ್ರಿಲ್ಲಿನ ಗೆರೆಗಳೆಲ್ಲ ಅದರಡಿ ಹೂತಿರುತ್ತವೆ. ಅದಕ್ಕೆ ಬ್ರೇಕ್ ಆಯಿಲ್‌ನ ಡಬ್ಬಿಯೇ ಆಗುತ್ತದೆ, ತಾಳ್ಮೆ ಬೇಕು. ಒಂದು ಎಚ್ಚರಿಕೆ ಮಾತ್ರ ನೆನಪಿರಲಿ: ಬ್ಲೀಚ್ ಇರುವ ಪಾತ್ರೆಗೆ ಬಚ್ಚಲು ತೊಳೆಯುವ ಆ್ಯಸಿಡ್ ತಾಗಿದರೆ ಏಳುವುದು ಕ್ಲೋರಿನ್ ಅನಿಲ. ಮರಳಿ ಹೊಳಪು ತರಲು ಈಗ ಆಲ್‌ಕ್ಲ್ಯಾಡ್‌ನಂಥ ಏರ್‌ಬ್ರಷ್ ಬಣ್ಣ ಇದೆ, ಮೊಲೊಟೊ ಕಂಪನಿಯ ಕ್ರೋಮ್ ಪೆನ್ ಇದೆ. ಎರಡಕ್ಕೂ ಅಡಿಯಲ್ಲಿ ಕನ್ನಡಿಯಂಥ ಕಪ್ಪು ಹೊಳಪು ಇದ್ದರೇ ಚೆಂದ.

ಬಣ್ಣ ಕಳಚಿದ ಬಾಡಿಯನ್ನು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿ. ಮಡ್‌ಗಾರ್ಡ್‌ನ ಮೇಲಂಚಿನ ಉದ್ದಕ್ಕೂ ಕೂದಲೆಳೆಯಷ್ಟು ಉಬ್ಬಿದ ಗೆರೆಯೊಂದು ಓಡಿರುತ್ತದೆ. ಬಾಡಿಯ ಅಚ್ಚು ಹಲವು ತುಂಡುಗಳಲ್ಲಿದ್ದು, ಮುಚ್ಚಿದಾಗ ಅವು ಸೇರುವ ಜಾಗವದು. ನಿಜವಾದ ಇಂಪಾಲಾದಲ್ಲಿ ಅಂಥ ಗೆರೆ ಎಲ್ಲೂ ಇಲ್ಲ. ಎಷ್ಟೋ ಒಳ್ಳೆಯ ಕೆಲಸಗಾರರು ಇದನ್ನು ಬಿಟ್ಟು ಬಣ್ಣ ಹೊಡೆಯುತ್ತಾರೆ, ಹೊಳಪು ಬಣ್ಣ ಬಿದ್ದ ಮೇಲೆ ಅದೊಂದೇ ಕಣ್ಣಿಗೆ ಹೊಡೆಯುತ್ತದೆ. ಬ್ಲೇಡಿನ ಬೆನ್ನಿನಿಂದ ಹೆರೆದು, 400 ನಂಬರಿನ ವಾಟರ್ ಪೇಪರಿನಿಂದ ಶುರುಮಾಡಿ 600, 1000ಕ್ಕೆ ಹೋದರೆ ಮಾಯ. ಅದೇ ಬ್ಲೇಡಿನ ಬೆನ್ನಿನಿಂದ ಬಾಗಿಲು, ಡಿಕ್ಕಿಯ ಸುತ್ತಲಿನ ಸಂದುಗಳನ್ನು ಇನ್ನಷ್ಟು ಆಳ ಮಾಡಬೇಕು. ಕಾರಣ ಲೆಕ್ಕದಲ್ಲಿದೆ. ಈ ಕಿಟ್‌ಗಳ ಪ್ರಮಾಣ 1:25. ಐದೂಕಾಲು ಮೀಟರಿನ ಕಾರು ಇಲ್ಲಿ 21 ಸೆಂಟಿಮೀಟರ್. ಬಣ್ಣದ ಪದರಕ್ಕೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಪ್ರೈಮರ್, ಬಣ್ಣ, ವಾರ್ನಿಷ್ ಸೇರಿ 0.1 ಮಿಲಿಮೀಟರ್ ಆಯಿತೆಂದರೆ, ನಿಜವಾದ ಕಾರಿನ ಮೇಲೆ ಎರಡೂವರೆ ಮಿಲಿಮೀಟರ್ ದಪ್ಪ ಬಣ್ಣ ಬಳಿದ ಹಾಗೆ. ಬಾಗಿಲ ಸಂದು ಅದರಲ್ಲಿ ಮುಚ್ಚಿಹೋಗುತ್ತದೆ. ಹಳೆಯ ಬಣ್ಣದ ಮೇಲೇ ಹೊಸದು ಹೊಡೆಯಬಾರದು ಎನ್ನುವುದೂ ಇದೇ ಕಾರಣಕ್ಕೆ.

ಹುಡುಗರು ಕಾರುಗಳಿಗೆ ಮಾಡಿದ ಗಾಯಗಳಲ್ಲಿ ಎರಡು ಸಾಮಾನ್ಯ. ಒಂದು, ಮುಂದಿನ ಗಾಜಿನ ಪಕ್ಕದ ಕಂಬ ಮುರಿದಿರುವುದು. ಅಂಟು ಮಾತ್ರ ಹಚ್ಚಿದರೆ ಮತ್ತೆ ಮುರಿಯುತ್ತದೆ. ಎರಡೂ ತುದಿಗೆ ಅರ್ಧ ಮಿಲಿಮೀಟರಿನ ತೂತು ಕೊರೆದು, ಒಳಗೆ ತಂತಿಯ ತುಂಡು ಕೂರಿಸಿ ಬೆಸೆಯಬೇಕು. ಇನ್ನೊಂದು, ದೊಡ್ಡ ರೇಸ್ ಟೈರು ಹಾಕಲು ಹಿಂದಿನ ಮಡ್‌ಗಾರ್ಡನ್ನು ಕಾದ ಚಾಕುವಿನಿಂದ ಕೊಯ್ದಿರುವುದು. ಇಲ್ಲಿ ಪೇಟೆಯ ಪುಟ್ಟಿಗಿಂತ ಉತ್ತಮವಾದದ್ದನ್ನು ಮನೆಯಲ್ಲೇ ಮಾಡಬಹುದು. ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಸಣ್ಣಗೆ ಕತ್ತರಿಸಿ ಮಾಡೆಲ್ ಅಂಟಿನ ಸೀಸೆಯಲ್ಲಿ ಹಾಕಿಟ್ಟರೆ ಮಾರನೆಯ ದಿನಕ್ಕೆ ದೋಸೆ ಹಿಟ್ಟಿನ ಹದಕ್ಕೆ ಬಂದಿರುತ್ತದೆ. ಕೊಯ್ದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯ ತುಂಡು ಬೆಸೆದು, ಸಂದಿಗೆ ಈ ಹಿಟ್ಟು ತುಂಬಿ. ಒಣಗಿದ ಮೇಲೆ ಅದು ಬಾಡಿಯದೇ ಪ್ಲಾಸ್ಟಿಕ್, ಉಜ್ಜುವಾಗ ಗಡಸು ಮೆದುವಿನ ವ್ಯತ್ಯಾಸವಿಲ್ಲ, ಅದರ ಮೇಲೆ ಬಾಗಿಲ ಗೆರೆಯನ್ನೂ ಕೊರೆಯಬಹುದು. ಒಣಗುತ್ತ ಕುಗ್ಗುತ್ತದೆ, ಆದ್ದರಿಂದ ಸ್ವಲ್ಪ ಉಬ್ಬಿಸಿ ತುಂಬಿ ಕೆಲವು ದಿನ ಮರೆತುಬಿಡಿ. ಒಳಮೈಯ ದೊಡ್ಡ ತೂತುಗಳಿಗೆ, ನಲ್ಲಿ ಸೋರಿದಾಗ ತರುವ ಎಂ-ಸೀಲ್ ಧಾರಾಳವಾಗಿ ಆಗುತ್ತದೆ. ಆಟೊ ಗ್ಯಾರೇಜಿನ ಎನ್‌ಸಿ ಪುಟ್ಟಿಯನ್ನು ದಪ್ಪಗೆ ಮೆತ್ತಿದರೆ ಅದರೊಳಗಿನ ಥಿನ್ನರ್ ಪ್ಲಾಸ್ಟಿಕ್‌ಗೆ ಇಳಿದು ಎದುರು ಬದಿಯಲ್ಲಿ ಗುಳಿ ಬೀಳುತ್ತದೆ.

ಕಳೆದುಹೋದ ಭಾಗ ಮರುಮುದ್ರಣದಲ್ಲೂ ಸಿಗದಿದ್ದರೆ ಎರಕ ಹೊಯ್ಯಬೇಕು. ಮೂರು ಹಬ್‌ಕ್ಯಾಪ್ ಇವೆ, ನಾಲ್ಕನೆಯದಿಲ್ಲ. ಇರುವುದರಲ್ಲಿ ಚೆನ್ನಾದದ್ದನ್ನು ಪುಟ್ಟ ಪೆಟ್ಟಿಗೆಯ ತಳಕ್ಕೆ ಅಂಟಿಸಿ, ಮೇಲೆ ಸಿಲಿಕೋನ್ ರಬ್ಬರ್ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿಕೊಂಡರೆ ಅಚ್ಚು ಸಿದ್ಧ. ಅದರಲ್ಲಿ ಪಾಲಿಯುರೆಥೇನ್ ರಾಳ ತುಂಬಬೇಕು. ಗುಳ್ಳೆ ಬಾರದಂತೆ ಮೊದಲು ಕಡ್ಡಿಯ ತುದಿಯಿಂದ ರಾಳವನ್ನು ಮೂಲೆಮೂಲೆಗೂ ಸವರಿ, ಆಮೇಲೆ ಹೊಯ್ಯಿರಿ. ರಾಳದ ಭಾಗಕ್ಕೆ ಮಾಡೆಲ್ ಅಂಟು ಹಿಡಿಯದು, ಎಪಾಕ್ಸಿ ಅಥವಾ ಸೂಪರ್ ಗ್ಲೂ ಬೇಕು. ಈಗ ತ್ರೀಡಿ ಪ್ರಿಂಟರ್ ಇರುವವರು ಈ ರಗಳೆಯನ್ನೇ ಬಿಟ್ಟಿದ್ದಾರೆ. ಯಾವ ಭಾಗ ಮೂಲದ್ದು, ಯಾವುದು ನೀವು ಮಾಡಿದ್ದು ಎಂದು ಬರೆದ ಚೀಟಿಯೊಂದು ಡಬ್ಬಿಯಲ್ಲಿರಲಿ. ಸಂಗ್ರಹಕಾರರ ನಡುವೆ ಜಗಳ ಹುಟ್ಟುವುದೇ ಇದು ಹೇಳದೆ ಮಾರಿದಾಗ.

ಬಣ್ಣಕ್ಕೆ ಮುಂಚೆ ಸೋಪುನೀರಿನ ಸ್ನಾನ ಮಾಡಿಸಿ, ಆಮೇಲೆ ಬಾಡಿಯನ್ನು ಬರಿಗೈಲಿ ಮುಟ್ಟಬೇಡಿ. ಪ್ರೈಮರ್, ಬಣ್ಣ ಎರಡನ್ನೂ ಮೊದಲು ಅದೇ ಕಿಟ್‌ನ ಬೇಡದ ಕಡ್ಡಿಯ ಮೇಲೆ ಪರೀಕ್ಷಿಸಿ. ಹಿಂದೆ ಇದಕ್ಕೆ ಪಾರ್ಟಿಗಳಲ್ಲಿ ಕೊಡುವ ಪ್ಲಾಸ್ಟಿಕ್ ಚಮಚ ಬಳಸುತ್ತಿದ್ದರು, 2022ರ ಜುಲೈ 1ರಿಂದ ಅದು ದೇಶದಲ್ಲೇ ನಿಷೇಧ. ಕಿಟ್‌ನ ಪ್ಲಾಸ್ಟಿಕ್ ಕೆಂಪು ಬಣ್ಣದ್ದಾಗಿದ್ದು ನೀವು ಬಿಳಿ ಹೊಡೆಯುವುದಾದರೆ ಕೆಂಪು ಮೇಲಕ್ಕೆ ಜಿನುಗಿ ಕಾರು ನಸುಗುಲಾಬಿಯಾಗುತ್ತದೆ. ನಡುವೆ ಬೆಳ್ಳಿ ಬಣ್ಣದ ಒಂದು ಪದರ ಹೊಡೆದರೆ ಜಿನುಗು ನಿಲ್ಲುತ್ತದೆ. ಸ್ಪ್ರೇ ಡಬ್ಬಿ, ಅಂಟುಗಳನ್ನು ವಿಮಾನದ ಟಪಾಲಿನಲ್ಲಿ ತರಿಸಲಾಗದು, ಉರಿಯುವ ವಸ್ತುವೆಂದು ತಡೆಯುತ್ತಾರೆ. ಇಲ್ಲೇ ಸಿಗುವುದರಲ್ಲಿ ಹೊಂದಿಸಿಕೊಳ್ಳಬೇಕು. ತೆಳು ಪದರಗಳಲ್ಲಿ, ಮೊದಲ ಎರಡು ಮಂಜು ಹನಿಸಿದಷ್ಟು, ಕೊನೆಯದು ಒದ್ದೆಯಾಗಿ ಹೊಳೆಯುವಷ್ಟು. ಮಂಗಳೂರು, ಕಾರವಾರ ಕಡೆಯವರು ಆಷಾಢದಲ್ಲಿ ಲ್ಯಾಕರ್ ಹೊಡೆಯುವ ಯೋಚನೆ ಬಿಡುವುದು ಒಳ್ಳೆಯದು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಮಬ್ಬು ಹಿಡಿಯುತ್ತದೆ. ಬಣ್ಣ ಒಣಗಿತೇ ಎಂದು ಬೆರಳಿಟ್ಟು ನೋಡುವ ಬದಲು ಮೂಸಿ ನೋಡಿ. ವಾಸನೆ ಇದ್ದರೆ ಇನ್ನೂ ಒಣಗಿಲ್ಲ.

ಕಿಟಕಿಯ ಸುತ್ತಲಿನ ಸ್ಟೀಲ್ ಪಟ್ಟಿಗಳಿಗೆ ಬೆಳ್ಳಿ ಬಣ್ಣ ಬೇಡ, ಅದು ಯಾವತ್ತೂ ಬಣ್ಣದ ಹಾಗೇ ಕಾಣುತ್ತದೆ. ‘ಬೇರ್ ಮೆಟಲ್ ಫಾಯಿಲ್’ ಎಂದು ಮಿಷಿಗನ್‌ನಲ್ಲಿ ತಯಾರಾಗಿ ಬರುವ, ಹಿಂಬದಿಗೆ ಅಂಟು ಸವರಿರುವ ತೆಳು ಲೋಹದ ಹಾಳೆ ಇದಕ್ಕೆಂದೇ ಇದೆ. ಪಟ್ಟಿಗಿಂತ ಅಗಲವಾದ ತುಂಡು ಹಚ್ಚಿ, ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿ ಕೂರಿಸಿ, ಹೊಚ್ಚಹೊಸ ಬ್ಲೇಡಿನಿಂದ ಅಂಚಿನುದ್ದಕ್ಕೂ ಒತ್ತದೆ ಕೊಯ್ದು, ಹೆಚ್ಚಿನದನ್ನು ಎತ್ತಿ ತೆಗೆಯಬೇಕು. ಬ್ಲೇಡು ಕೊಂಚ ಮೊಂಡಾದರೂ ಹಾಳೆ ಹರಿಯುತ್ತದೆ. ಮಡ್‌ಗಾರ್ಡ್ ಮೇಲಿನ ‘ಇಂಪಾಲಾ’ ಎಂಬ ಪುಟ್ಟ ಬರಹಕ್ಕೆ ಒಂದು ಸೊಗಸಾದ ಉಪಾಯವಿದೆ. ಅಲ್ಲಿನ ಅಕ್ಷರಗಳು ಅಕ್ಕಿಕಾಳಿಗಿಂತ ಸಣ್ಣವು, ಬ್ರಷ್ಷಿನಲ್ಲಿ ಯಾರ ಕೈಯೂ ಸಾಗದು. ಬಣ್ಣಕ್ಕೆ ಮುಂಚೆಯೇ ಆ ಬರಹದ ಮೇಲೆ ಫಾಯಿಲ್ ಹಚ್ಚಿ, ಅಕ್ಷರಗಳ ಉಬ್ಬು ಮೂಡುವ ಹಾಗೆ ಉಜ್ಜಿ, ಸುತ್ತ ಕೊಯ್ದು ಬಿಡಿ. ಅದರ ಮೇಲೇ ಇಡೀ ಕಾರಿಗೆ ಬಣ್ಣ ಹೊಡೆಯಿರಿ. ಒಣಗಿದ ಮೇಲೆ ಥಿನ್ನರ್ ಸೋಕಿಸಿ ಹಿಂಡಿದ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಆ ಉಬ್ಬಿನ ನೆತ್ತಿಯ ಮೇಲೆ ಹಗುರವಾಗಿ ಸವರಿದರೆ ಅಲ್ಲಿನ ಬಣ್ಣವಷ್ಟೇ ಅಳಿದು, ಕೆಳಗಿನ ಲೋಹ ಅಕ್ಷರ ಅಕ್ಷರವಾಗಿ ಮೇಲೇಳುತ್ತದೆ.

ಹಳೆಯ ಡಬ್ಬಿಯಲ್ಲಿ ಸಿಗುವ ಡೆಕಾಲ್ ಹಾಳೆಯನ್ನು, ಅಂದರೆ ನೀರಲ್ಲಿ ನೆನೆಸಿ ಕಾರಿಗೆ ಅಂಟಿಸುವ ಚಿತ್ರಗಳ ಹಾಳೆಯನ್ನು, ನೀರಿಗೆ ಹಾಕುವ ಮುಂಚೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮೇಲಿನ ವಾರ್ನಿಷ್ ಬಿರುಕುಬಿಟ್ಟಿರುವುದರಿಂದ ನೀರು ತಾಗಿದ ಕೂಡಲೇ ನೂರು ಚೂರಾಗಬಹುದು. ಬೇಡದ ಒಂದು ಸಣ್ಣ ಚಿತ್ರದಿಂದ ಪರೀಕ್ಷೆ ಮಾಡಿ, ಚೂರಾದರೆ ಉಳಿದ ಹಾಳೆಗೆ ಮೈಕ್ರೋಸ್ಕೇಲ್‌ನ ಡೆಕಾಲ್ ಫಿಲ್ಮ್ ಎಂಬ ದ್ರವ ಸವರಿದರೆ ಹೊಸ ಪೊರೆ ಬರುತ್ತದೆ. ಹಳದಿಯಾಗಿದ್ದರೆ ಕಿಟಕಿಯ ಗಾಜಿಗೆ ಅಂಟಿಸಿ ಕೆಲವು ವಾರ ಬಿಸಿಲು ತೋರಿಸುವುದು ಹಳೆಯ ಮದ್ದು, ಕೆಲಸ ಮಾಡುತ್ತದೆ.

ಗಾಜಿನ ಮೇಲಿನ ಆ ಹೆಬ್ಬೆಟ್ಟಿನ ಗುರುತು ಕೊಳೆಯಲ್ಲ, ಅಂಟು ಮೆತ್ತಿದ ಬೆರಳು ಪ್ಲಾಸ್ಟಿಕ್ಕನ್ನು ಕರಗಿಸಿ ಬಿಟ್ಟ ಗುಳಿ. ಉಜ್ಜಿಯೇ ತೆಗೆಯಬೇಕು. 1500, 2000 ನಂಬರಿನ ವಾಟರ್ ಪೇಪರ್, ಆಮೇಲೆ ಇನ್ನೂ ನಯವಾದದ್ದು, ಕೊನೆಗೆ ಪ್ಲಾಸ್ಟಿಕ್ ಪಾಲಿಷ್. ನಡುವೆ ಗಾಜು ಪೂರ್ತಿ ಮಂಜಾಗಿ ಕಾಣುವ ಹಂತವೊಂದಿದೆ, ಅಲ್ಲಿ ಎದೆಗೆಡಬಾರದು. ಬಾಡಿಗೆ ಗಾಜು ಕೂರಿಸಲು ಫೆವಿಕಾಲ್ ಸಾಕು. ಒಣಗಿದರೆ ಪಾರದರ್ಶಕ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಸೂಪರ್ ಗ್ಲೂ ಮಾತ್ರ ಗಾಜಿನ ಹತ್ತಿರ ತರಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ, ಬೆರಳು ಸೋಕಿದ ಕಡೆಯಂತೂ ಇನ್ನೂ ಹೆಚ್ಚು. ಪೊಲೀಸರ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಬೆರಳಚ್ಚು ಮೂಡಿಸುವುದೇ ಆ ಆವಿಯಿಂದ.

ಕೊನೆಗೆ ಚಕ್ರ. ಹಳೆಯ ಕಿಟ್‌ಗಳ ಮೆತ್ತನೆಯ ಟೈರು ವಿನೈಲ್. ಅದನ್ನು ಮೆತ್ತಗಿಡುವ ಮೆದುಕಾರಕ ವರ್ಷಗಳಲ್ಲಿ ಹೊರಗೆ ಜಿನುಗಿ, ತಾಗಿಕೊಂಡಿರುವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಬಿಚ್ಚದ ಡಬ್ಬಿಯೊಳಗೂ ಟೈರು ಒರಗಿದ ಬಾನೆಟ್ಟಿನಲ್ಲಿ ಅದರ ಜಾಡಿನ ಗುರುತು ಸಮೇತ ಗುಂಡಗಿನ ಹಳ್ಳ ಬಿದ್ದಿರುವುದುಂಟು. ಜೋಡಿಸುವಾಗ ರಿಮ್ಮಿನ ಸುತ್ತ ಫಾಯಿಲ್‌ನ ಒಂದು ಸುತ್ತು ಹಾಕಿ ಅದರ ಮೇಲೆ ಟೈರು ಏರಿಸಿ. ಕಾರನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಡುವುದಾದರೆ ಆ ಪೆಟ್ಟಿಗೆಯೂ ಹೆಚ್ಚಿನಂಶ ಪಾಲಿಸ್ಟೈರೀನೇ, ಆದ್ದರಿಂದ ಟೈರಿನಡಿ ಒಂದು ತುಂಡು ಕಾಗದವೋ ಲೋಹದ ಹಾಳೆಯೋ ಇರಲಿ. ಉಳಿದ ಟೈರುಗಳನ್ನು ಬೇರೆಯೇ ಪೊಟ್ಟಣ ಕಟ್ಟಿ ಡಬ್ಬಿಯ ಹೊರಗಿಡಿ.